ನೂರೊಂದನೆಯ ಜೋಡಿ

ತಾರಿಹಾಳ
೧೨ ಏಪ್ರಿಲ್ ೧೯೯೮

ಗೀತಾಂಜಲಿಗೆ ಸಾವಕ್ಕ ಬರೆಯುವುದು.

ನಮ್ಮಲ್ಲಿ ಯಾರಿಗೂ ಜ್ವರ ಇಲ್ಲ. ನಿನ್ನೆ ನಳಕ್ಕೆ ನೀರು ಬಂದಿತ್ತು, ಹಂಡೆ, ಕೊಡ ಎಲ್ಲ ತುಂಬಿಸಿಟ್ಟಿದ್ದೇನೆ. ಹೀಗಾಗಿ ಬರೆಯಲು ಹೊತ್ತು ಸಿಕ್ಕಿದೆ. ನೀನು ಲಗ್ನವಾಗಿ ಸೊಲ್ಲಾಪುರಕ್ಕೆ ಹೋದ ಮೇಲೆ ನಾನು ಹಾಕಿದ್ದೆಲ್ಲ ಹಬ್ಬದ ಕಾಗದ. ಇದು ಹಾಗಲ್ಲ.

ನಿಮ್ಮ ಅಜ್ಜ ಹುಟ್ಟಿ ನೂರು ವರ್ಷವಾಯಿತೆಂದು ನಿಮ್ಮ ಅಪ್ಪ ಬರುವ ತಿಂಗಳು ಸಾಮೂಹಿಕ ವಿವಾಹ ಇಟ್ಟಿದ್ದಾರೆ. ವಿದ್ಯಾನಗರದಲ್ಲಿ ನಿಮ್ಮದೇ ಕಲ್ಯಾಣ ಮಂಟಪ. ಅಮರಗೋಳದಲ್ಲಿ ನಿಮ್ಮ ಮೆಣಸಿನಕಾಯಿ ಅಂಗಡಿಯಿಂದ ಹಿಡಿದು ಸ್ಟೇಷನ್ನಿನ ತನಕ ಬಟ್ಟೆಯ ಫಲಕ ಕಟ್ಟಿಸಿದ್ದಾರೆ. ‘ನೂರೊಂದು ಜೋಡಿ’ ಎಂದು ಕೆಂಪಕ್ಷರ. ಆದರೆ ಜೋಡಿ ಸಾಲುತ್ತಿಲ್ಲ. ಅದೇ ವಾರ ಬೇರೆ ಎರಡು ಕಡೆಯೂ ಇಂಥದೇ ಲಗ್ನ ಇಟ್ಟಿದ್ದಾರೆ, ಬಡವರ ಮಕ್ಕಳು ಅಲ್ಲಿಗೂ ಹಂಚಿ ಹೋಗಿದ್ದಾರೆ. ಬಟ್ಟೆಯ ಮೇಲೆ ಬರೆದಾಗಿದೆ, ಮಂತ್ರಿಗಳನ್ನು ಕರೆದಾಗಿದೆ. ಅದಕ್ಕೆ ಲೆಕ್ಕಪತ್ರ ನೋಡುವ ನಿಮ್ಮ ದಿವಾಣಜಿ ವೆಂಕಣ್ಣ ಒಂದು ಉಪಾಯ ತೆಗೆದಿದ್ದಾರೆ. ನಿಮ್ಮ ಪೈಪಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವರು, ಈಗಾಗಲೇ ಲಗ್ನವಾದವರು, ಹೆಂಡತಿಯನ್ನು ಕರೆದುಕೊಂಡು ಬಂದು ಮತ್ತೊಮ್ಮೆ ಕೂತುಕೊಳ್ಳಬೇಕಂತೆ. ಹೊಸಬರಂತೆ ಕಾಣಬೇಕು, ಅದಕ್ಕೆ ಹೆಂಗಸರು ಕೊರಳಲ್ಲಿರುವ ತಾಳಿಯನ್ನು ಮನೆಯಲ್ಲೇ ತೆಗೆದಿಟ್ಟು ಬರಬೇಕು.

ನನ್ನ ಗಂಡ ಬೀರಲಿಂಗ ಇದನ್ನು ರೊಟ್ಟಿ ಮುರಿಯುತ್ತ ಹೇಳಿದ.

“ಒಂದ ತಾಸಿನ ಮಾತು ಸಾವಕ್ಕಾ. ಸೀರಿ ಕೊಡತಾರ, ಊಟಾ ಐತಿ.”

“ಮತ್ತ ತಾಳಿ?”

“ಅವರ ಹೊಸಾದು ಕೊಡತಾರಲ್ಲ.”

“ನೀ ಅಕಸ್ಮಾತ್ ಸತ್ತರ ತಗೀತೇನಿ. ಸತ್ತು ಬಾ ಹೋಗು,” ಎಂದೆ. ರೊಟ್ಟಿ ಅಲ್ಲೇ ಬಿಟ್ಟು ಎದ್ದುಹೋದ.

ಗೀತಾ, ತಾಳಿ ಯಾವಾಗ ತೆಗೆಯುತ್ತಾರೆ ಎಂದು ನಿನಗೆ ನಾನು ಹೇಳಿಕೊಡಬೇಕೇ? ನನ್ನ ಅವ್ವ ನಿಮ್ಮ ಮನೆಯಲ್ಲಿ ಪಾತ್ರೆ ತಿಕ್ಕಿಕೊಂಡಿದ್ದಳು. ಅಪ್ಪ ಹೋದ ದಿನ ಅವಳ ಕೊರಳಿನದನ್ನು ತೆಗೆದದ್ದು ನಿಮ್ಮ ಹಿತ್ತಲಲ್ಲಿ. ನಾವಿಬ್ಬರೂ ಬಾಗಿಲ ಸಂದಿಯಿಂದ ನೋಡಿದೆವು. ನೀನು ನನಗಿಂತ ಜಾಸ್ತಿ ಅತ್ತೆ.

ನಿಮ್ಮ ಅಪ್ಪನಿಗೆ ಒಂದು ಮಾತು ಹೇಳು. ಇದ್ದಷ್ಟು ಜೋಡಿಗೆ ಲಗ್ನ ಮಾಡಲಿ. ಎಂಬತ್ತಾದರೆ ಎಂಬತ್ತು, ಅದೇನು ಸಣ್ಣ ಪುಣ್ಯವೇ?

ನಿನ್ನ
ಸಾವಕ್ಕ


ಸೊಲ್ಲಾಪುರ
೨೧ ಏಪ್ರಿಲ್ ೧೯೯೮

ಪ್ರೀತಿಯ ಸಾವಕ್ಕ,

ನಿನ್ನ ಪತ್ರ ಓದಿ ಮೊದಲು ನಗು ಬಂತು. “ಸತ್ತು ಬಾ ಹೋಗು” ಎಂದೆಯಾ! ನೀನು ಸಾಲೆಯಲ್ಲಿ ಮಾಸ್ತರರ ಮುಂದೆ ಬಾಯಿ ಬಿಡದವಳು, ಗಂಡನ ಮುಂದೆ ಮಾತ್ರ ಹುಲಿ.

ಆದರೆ ನೀನು ಬರೆದ ರೀತಿ ನನಗೆ ಸರಿ ಬರಲಿಲ್ಲ. ಅಪ್ಪ ಊರಿಗೆ ಮಾಡಿದ್ದು ನಿನಗೆ ಗೊತ್ತಿಲ್ಲವೇ? ಬೇಸಿಗೆಯಲ್ಲಿ ಟ್ಯಾಂಕರು ಕಳಿಸುವವರು ಯಾರು? ತಾರಿಹಾಳದ ಸಾಲೆಗೆ ಎರಡು ಕೋಣೆ ಕಟ್ಟಿಸಿದವರು ಯಾರು? ದವಾಖಾನೆಗೆ ಬಂದವರ ಕಡೆಯವರು ಮಲಗಲು ಛತ್ರ ಮಾಡಿಸಿದವರು ಯಾರು? ಯಾರಾದರೂ ಕೇಳಿದ್ದರೇ? ಕೇಳದೆ ಮಾಡಿದರು. ಅಂಥವರು ಒಂದು ತಾಸು ಕೂತುಕೊಳ್ಳಿರಿ ಎಂದರೆ ಅದನ್ನು ಅಪಮಾನ ಎಂದುಕೊಳ್ಳಬೇಕೇ? ಕಾಶಿಗೆ ಹೋಗಿ ಬಂದವರು, ಅರವತ್ತು ತುಂಬಿದವರು ಎರಡನೇ ಸಲ ತಾಳಿ ಕಟ್ಟಿಸಿಕೊಳ್ಳುವುದಿಲ್ಲವೇ? ಹಾಗೆ ಎಂದುಕೋ.

ಆದರೂ ತಾಳಿ ತೆಗೆಯಿರಿ ಎಂದದ್ದು ವೆಂಕಣ್ಣಕಾಕಾನ ಅತಿಬುದ್ಧಿ. ಸೆರಗು ಮುಚ್ಚಿಕೊಂಡರೆ ಸಾಕಿತ್ತು. ನಾನು ಫೋನಿನಲ್ಲಿ ಹೇಳುತ್ತೇನೆ. ಮಗನಿಗೆ ಗೊಬ್ಬರ ಎದ್ದು ಜ್ವರ, ಮೈತುಂಬ ಗುಳ್ಳೆ, ಲಗ್ನಕ್ಕೆ ಬರಲು ಆಗುವುದಿಲ್ಲ. ನೀನು ಹಟ ಮಾಡಬೇಡ. ಬೀರಲಿಂಗನ ಕೆಲಸದ ಮೇಲೆ ಕಣ್ಣು ಬೀಳುವುದು ಬೇಡ.

ನಿನ್ನ ಗೆಳತಿ
ಗೀತಾಂಜಲಿ


ತಾರಿಹಾಳ
೧೪ ಮೇ ೧೯೯೮

ಗೀತಾಂಜಲಿ,

ನೀನು ಫೋನು ಮಾಡಿದೆಯೋ ಇಲ್ಲವೋ ಗೊತ್ತಿಲ್ಲ. ಮಾಡಿದ್ದರೂ ಏನೂ ಬದಲಾಗಲಿಲ್ಲ.

ನಾನು ಹೋಗಲಿಲ್ಲ. ಬೀರಲಿಂಗ ಒಬ್ಬನೇ ಹೋದ. ಕಾರ್ಖಾನೆಯವರೆಲ್ಲ ನೀರು, ಚಾಪೆ ನೋಡಿಕೊಳ್ಳಲು ಹೋಗಲೇಬೇಕಿತ್ತು. ಸಂಜೆ ತಿರುಗಿ ಬಂದಾಗ ಅವನ ಹಣೆಯ ಮೇಲೆ ಬಾಸಿಂಗದ ದಾರದ ಗುರುತು ಇತ್ತು. ಕೈಗೆ ಅರಿಷಿಣ. ನಾನು ಕೇಳುವ ಮೊದಲೇ ಕಾಲು ಹಿಡಿದ.

ನಡೆದದ್ದು ಇಷ್ಟು. ಕುಂದಗೋಳದ ಕಡೆಯ ಒಬ್ಬ ಹುಡುಗಿ, ಶೇವಂತೆವ್ವ ಎಂದು ಹೆಸರು. ತಂದೆಯಿಲ್ಲ. ಅರಿಷಿಣ ಹಚ್ಚಿಸಿಕೊಂಡು ಮಣೆಯ ಮೇಲೆ ಕೂತಿದ್ದಾಳೆ. ಅವಳ ಗಂಡು ಬರಲಿಲ್ಲ. ಅವನು ಬೇರೊಂದು ಊರಿನ ಸಾಮೂಹಿಕ ಲಗ್ನಕ್ಕೆ ಹೋಗಿ ಬೇರೊಬ್ಬಳ ಪಕ್ಕ ಕೂತನಂತೆ. ಅಲ್ಲಿ ಮಂಚ ಕೊಡುತ್ತಿದ್ದರಂತೆ, ನಿಮ್ಮಲ್ಲಿ ಹಾಸಿಗೆ ಮಾತ್ರ. ಇತ್ತ ಸ್ವಾಮಿಗಳು ಬಂದು ಕೂತಿದ್ದಾರೆ, ಮಂತ್ರಿಗಳು ಗಡಿಯಾರ ನೋಡುತ್ತಿದ್ದಾರೆ, ಫೋಟೋದವನು ಕಾಯುತ್ತಿದ್ದಾನೆ. ವೆಂಕಣ್ಣ ಮಣೆಗಳ ನಡುವೆ ಓಡಾಡುತ್ತ ಬೀರಲಿಂಗನನ್ನು ಕಂಡರು.

“ಏ, ನಿನ್ನ ಹೇಣ್ತಿ ಎಲ್ಲೆ?”

“ಬರಲಿಲ್ಲರಿ.”

“ಛಲೋ ಆತು. ಇಲ್ಲೆ ಕೂಡು. ಬರೇ ಜಾಗಾ ತುಂಬಲಿಕ್ಕೆ. ಆಮ್ಯಾಲ ತಗದರಾತು.”

“ದಿವಾಣಜಿ, ಆ ಹುಡುಗಿಗೆ...”

“ಹುಡುಗಿಗೆ ನಾ ಹೇಳ್ತೇನಿ. ಕೂಡೋ!”

ಹುಡುಗಿಗೆ ಯಾರೂ ಹೇಳಲಿಲ್ಲ. ಗಟ್ಟಿಮೇಳ ಆಯಿತು, ನೂರೊಂದು ಜೋಡಿಯ ಮೇಲೆ ಅಕ್ಕಿಕಾಳು ಬಿತ್ತು. ನನ್ನ ಗಂಡ ನನ್ನದಲ್ಲದ ಕೊರಳಿಗೆ ತಾಳಿ ಕಟ್ಟಿದ.

“ಮಾರಿ ಮ್ಯಾಲ ಬಾಸಿಂಗ ಇತ್ತು, ನನಗ ಏನೂ ಕಾಣಲಿಲ್ಲ,” ಎಂದ.

“ಕೈ ಕಾಣತಿದ್ದವಲ್ಲ?” ಎಂದೆ.

ಉಳಿದದ್ದನ್ನೂ ಕೇಳು. ಎಲ್ಲ ಮುಗಿದ ಮೇಲೆ ವೆಂಕಣ್ಣ ಆ ಹುಡುಗಿಯ ತಾಯಿಯ ಹತ್ತಿರ ಹೋಗಿ, “ಇದು ಬರೇ ತೋರಿಕಿ ಲಗ್ನಾ, ತಾಳಿ ತಗೀರಿ, ಸೀರಿ ನೀವ ಇಟ್ಕೋರಿ” ಎಂದರಂತೆ. ಆ ತಾಯಿ ನೆಲಕ್ಕೆ ಬಿದ್ದು, “ಸ್ವಾಮಿಗಳ ಮುಂದ ಅಕ್ಕಿಕಾಳು ಬಿದ್ದಾವರೀ! ತೋರಿಕಿ ಅಕ್ಕಿಕಾಳು ಇರತಾವೇನ್ರಿ?” ಎಂದು ಹೊಯ್ಕೊಂಡಳಂತೆ.

ಈಗ ಹೇಳು ಗೀತಾ. ಇದು ಅರವತ್ತು ತುಂಬಿದವರ ಶಾಂತಿಯೇ? ನಾನು ಯಾರು? ಆ ಹುಡುಗಿ ಯಾರು? ನಿಮ್ಮ ಬಟ್ಟೆಯ ಫಲಕದಲ್ಲಿ ಸುಳ್ಳಾಗಬಾರದಾಗಿದ್ದ ಒಂದು ಅಂಕಿಗೆ ಎರಡು ಹೆಣ್ಣುಮಕ್ಕಳ ಬಾಳು ತುಂಬಿದಿರಿ.

ನಮ್ಮ ಜನದ ಹಿರಿಯರು ಸೇರಿ ನ್ಯಾಯ ಹೇಳುವುದಕ್ಕೆ ದೈವ ಎನ್ನುತ್ತೇವೆ. ದೈವದಲ್ಲಿ ಹಳೆಯ ಮಾತಿದೆ, ಕೂಡಿಸಿದವನೇ ಬಿಡಿಸಬೇಕು. ನಿಮ್ಮ ಅಪ್ಪ ದೈವದ ಮುಂದೆ ಬಂದು “ಅದು ಲಗ್ನ ಅಲ್ಲ, ನಾವು ಜಾಗ ತುಂಬಲು ಕೂಡಿಸಿದ್ದು” ಎಂದು ಹೇಳಿದರೆ ಆ ಹುಡುಗಿ ಬಿಡುಗಡೆಯಾಗುತ್ತಾಳೆ, ಬೇರೆ ಗಂಡು ಸಿಗುತ್ತಾನೆ. ಬೇರೇನೂ ಬೇಡ. ಒಂದು ಮಾತು. ಅದನ್ನು ಅವರ ಬಾಯಿಂದ ಹೊರಡಿಸುವುದು ನಿನ್ನ ಕೈಯಲ್ಲಿದೆ.

ಸಾವಕ್ಕ


ಸೊಲ್ಲಾಪುರ
೨ ಜೂನ್ ೧೯೯೮

ಸಾವಕ್ಕ,

ನಿನ್ನ ಪತ್ರ ಓದಿದ ದಿನ ನನಗೆ ಅನ್ನ ಸೇರಲಿಲ್ಲ. ಕೂಡಲೇ ಅಪ್ಪನಿಗೆ ಫೋನು ಮಾಡಿದೆ. ಅವರಿಗೆ ಆ ಗದ್ದಲದಲ್ಲಿ ಏನೂ ಗೊತ್ತಾಗಿರಲಿಲ್ಲ, ಆಮೇಲೆ ತಿಳಿಯಿತಂತೆ. ಬಹಳ ನೊಂದುಕೊಂಡಿದ್ದಾರೆ. ವೆಂಕಣ್ಣಕಾಕಾನಿಗೆ ಬೈದರಂತೆ.

ಆದರೆ ದೈವದ ಮುಂದೆ ಹೇಳುವುದು ಅಷ್ಟು ಸುಲಭವಲ್ಲ. ನೀನೇ ವಿಚಾರ ಮಾಡು. ಒಂದು ಜೋಡಿ ಸುಳ್ಳು ಎಂದರೆ ಜನ ಉಳಿದ ನೂರನ್ನೂ ಸುಳ್ಳು ಎನ್ನುತ್ತಾರೆ. ಖರೇ ಲಗ್ನವಾದವರಿಗೂ ಕಳಂಕ. ಸಮಾಜದ ಸಂಘಕ್ಕೆ ಅಪ್ಪನನ್ನು ಅಧ್ಯಕ್ಷರನ್ನಾಗಿ ಆರಿಸುವ ಹೊತ್ತಿದು. ಅಪ್ಪ ಆ ಹುಡುಗಿಗೆ ತಾವೇ ಒಳ್ಳೆಯ ಗಂಡು ನೋಡುತ್ತೇನೆ, ಖರ್ಚೆಲ್ಲ ತಮ್ಮದು ಎಂದಿದ್ದಾರೆ. ತಾಳಿಯನ್ನು ಯಾವುದಾದರೂ ಗುಡಿಯಲ್ಲಿ ಗದ್ದಲವಿಲ್ಲದೆ ತೆಗೆಸಿದರಾಯಿತು.

ಸ್ವಲ್ಪ ತಾಳಿಕೋ. ನಿನಗೆ ಏನು ಬೇಕು ಅದನ್ನು ಹೇಳು, ನಾನು ಕಳಿಸುತ್ತೇನೆ.

ಗೀತಾಂಜಲಿ


ತಾರಿಹಾಳ
೯ ಆಗಸ್ಟ್ ೧೯೯೮

ಗೀತಾಂಜಲಿ,

ನನಗೆ ಏನು ಬೇಕು ಎಂದು ಹೋದ ಕಾಗದದಲ್ಲೇ ಬರೆದಿದ್ದೆ.

ಶೇವಂತೆವ್ವ ಈಗ ನಮ್ಮ ಮನೆಯಲ್ಲಿದ್ದಾಳೆ. ಅವಳ ತಾಯಿ ಒಂದು ಗಂಟು ಬಟ್ಟೆ ಕೊಟ್ಟು, “ಲಗ್ನಾದ ಮಗಳನ್ನ ಮನ್ಯಾಗ ಇಟ್ಕೊಂಡರ ಊರು ಉಗಳತೈತಿ, ನಿನ್ನ ಗಂಡನ ಮನಿಗೆ ಹೋಗು” ಎಂದು ಬಾಗಿಲಲ್ಲಿ ಬಿಟ್ಟುಹೋದಳು. ನಾನು ಬಾಗಿಲು ಹಾಕಿಕೊಳ್ಳಬಹುದಿತ್ತು. ಹಾಕಿಕೊಂಡೆ ಕೂಡ. ಮಳೆ ಹನಿಯುತ್ತಿತ್ತು. ಅವಳು ಕಟ್ಟೆಯ ಮೇಲೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು, ಅಳಲೂ ಇಲ್ಲ, ಕರೆಯಲೂ ಇಲ್ಲ. ಕಡೆಗೆ ನಾನೇ ತೆಗೆದೆ.

“ಅಕ್ಕಾ, ನಾ ನಿನ್ನ ಗಂಡನ್ನ ಬೇಡಿಲ್ಲ,” ಎಂದಳು. ಅವಳು ನಮ್ಮ ಮನೆಯಲ್ಲಿ ಆಡಿದ ಮೊದಲ ಮಾತು ಅದು.

ನಮ್ಮದು ಒಂದೇ ಕೋಣೆ. ನಾವಿಬ್ಬರೂ ಒಳಗೆ ಮಲಗುತ್ತೇವೆ, ಬೀರಲಿಂಗ ಹೊರಗೆ. ಅವಳು ಅವನನ್ನು ಅಣ್ಣ ಎನ್ನುತ್ತಾಳೆ. ಕೊರಳಲ್ಲಿ ಅವನು ಕಟ್ಟಿದ್ದನ್ನು ಹಾಕಿಕೊಂಡು ಅಣ್ಣ ಎನ್ನುವಾಗ ಅವಳು ಸೆರಗು ಎಳೆದು ಅದನ್ನು ಮುಚ್ಚಿಕೊಳ್ಳುತ್ತಾಳೆ. ನಳದ ಹತ್ತಿರ ಹೋದರೆ ಓಣಿಯ ಹೆಂಗಸರು ಬಿಡುವುದಿಲ್ಲ.

“ಸಾವಕ್ಕಾ, ಸವತಿ ಕೈಯಾಗಿನ ಅಡಗಿ ರುಚಿ ಆಗೇತೇನ?”

“ಸಾಹುಕಾರ್ರು ಕೊಟ್ಟ ಸವತಿ ಬಿಡ್ರೇ, ಪುಕಟ ಬಂದಾಳ!”

ಪಕ್ಕದ ಮನೆಯ ರಾಜಬಿ ಒಬ್ಬಳೇ ಅವರಿಗೆ ಕೊಡ ಎತ್ತಿ ತೋರಿಸಿದಳು. “ನಿಮ್ಮ ಮಗಳಿಗೆ ಹಿಂಗ ಆಗಿದ್ದರ ನಗತಿದ್ದಿರೇನ? ಸರೀರಿ, ನೀರು ತುಂಬಕೋಳ್ರಿ.”

ನಿಮ್ಮ ಅಪ್ಪ ನೋಡಿದ ಗಂಡು ಬಂದಿದ್ದ, ನಲವತ್ತು ದಾಟಿದವನು. ಅವನೂ ಕೇಳಿದ್ದು ಒಂದೇ. “ಕೊರಳಾಗಿಂದು ಯಾರದು? ದೈವ ಬಿಡಿಸೇತೇನು?” ಇಲ್ಲ ಎಂದ ಮೇಲೆ ಚಹಾ ಕೂಡ ಕುಡಿಯದೆ ಹೋದ.

ಅದಕ್ಕೆ ನಾನೂ ಅವಳೂ ನಿಮ್ಮ ಮನೆಗೆ ಹೋದೆವು. ನಿಮ್ಮ ಅಪ್ಪ ಒಳಗೆ ಕರೆದರು, ಗಾದಿಯ ಹತ್ತಿರವೇ ಕೂಡಿಸಿದರು. ಗುರುಶಿದ್ದಪ್ಪ ಸಾಹುಕಾರರು ಯಾರನ್ನೂ ಬೈಯುವುದಿಲ್ಲ, ಅದು ನನಗೂ ಗೊತ್ತು. ಮೆತ್ತಗೆ ಹೇಳಿದರು.

“ಸಾವಕ್ಕಾ, ನೀ ನಮ್ಮ ಮನಿ ಕೂಸು. ಏನ ಬೇಕಾದ್ದು ಕೇಳು. ಈ ಹುಡುಗಿಗೆ ಹೊಲಿಗಿ ಮಷಿನ್ ಕೊಡಸತೇನಿ. ಇರಾಕ ಖೋಲಿ ಕೊಡತೇನಿ.”

“ಒಂದು ಮಾತು ಕೊಡ್ರಿ ಯಪ್ಪಾ. ದೈವದ ಮುಂದ.”

“ಅದೊಂದು ಕೇಳಬ್ಯಾಡ.”

ಹೊಲಿಗೆ ಮಷಿನ್ನಿಗಿಂತ ಒಂದು ಮಾತು ತುಟ್ಟಿಯೇ ಗೀತಾ? ಟ್ಯಾಂಕರು ಕಳಿಸಬಲ್ಲರು, ಸಾಲೆ ಕಟ್ಟಿಸಬಲ್ಲರು, ಛತ್ರ ಕಟ್ಟಿಸಬಲ್ಲರು. ಇವೆಲ್ಲ ಕೊಡುವವನನ್ನು ಎತ್ತರ ಮಾಡುತ್ತವೆ. ಅವರನ್ನು ಒಂದು ಬೊಟ್ಟು ಕೆಳಗಿಳಿಸುವುದು ಏನಿದೆಯೋ ಅದನ್ನು ಮಾತ್ರ ಕೊಡಲಾರರು. ನಿಮ್ಮ ಮನೆಯ ದಾನ ಎಂಥದು ಎಂದು ನನಗೆ ಆ ದಿನ ತಿಳಿಯಿತು.

ಬರುವಾಗ ಕಲ್ಯಾಣ ಮಂಟಪದ ಗೋಡೆ ನೋಡಿದೆವು. ನೂರೊಂದು ಜೋಡಿಯ ಫೋಟೋ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಕಡೆಯ ಸಾಲಿನಲ್ಲಿ ನನ್ನ ಗಂಡ ಮತ್ತು ಇವಳು. ಇವಳು ಬಹಳ ಹೊತ್ತು ನೋಡಿ, “ನಾ ನಗಾಕತ್ತೇನಿ ನೋಡಕ್ಕಾ. ಬಾಸಿಂಗದಾಗ ಮಾರಿ ಕಾಣಲಿಲ್ಲ, ಬಂದಾಂವ ನನ್ನ ಗಂಡನ ಅಂತ ತಿಳಕೊಂಡು,” ಎಂದಳು.

ಕಾರ್ತಿಕದಲ್ಲಿ ಸಂಘದವರು ನಿಮ್ಮ ಅಪ್ಪನಿಗೆ ಸನ್ಮಾನ ಮಾಡುತ್ತಾರಂತೆ. ಎಲ್ಲ ಊರ ದೈವದವರಿಗೂ ಆಮಂತ್ರಣ ಹೋಗಿದೆ. ನೀನು ಬಾ. ಅಪ್ಪನ ಪಕ್ಕ ನಿಂತು ಹೇಳಿಸು. ಮಗಳ ಮಾತು ಕೇಳದ ತಂದೆ ಅಲ್ಲ ಅವರು.

ಸಾವಕ್ಕ


ಸೊಲ್ಲಾಪುರ
೩೦ ಆಗಸ್ಟ್ ೧೯೯೮

ಸಾವಕ್ಕ,

ಬರುತ್ತೇನೆ. ಅಪ್ಪನ ಜೊತೆ ಎದುರಿಗೆ ಕೂತು ಮಾತಾಡುತ್ತೇನೆ, ಇದು ನಾನು ಕೊಡುವ ವಚನ. ಆದರೆ ಇನ್ನು ಮುಂದೆ ಹೀಗೆಲ್ಲ ಬರೆಯಬೇಡ. ಇಲ್ಲಿ ಕಾಗದ ಮೊದಲು ನಮ್ಮ ಅತ್ತೆಯ ಕೈಗೆ ಹೋಗುತ್ತದೆ. ನಿನ್ನ ಹೋದ ಪತ್ರವನ್ನು ಅವರು ಎರಡು ಸಲ ಓದಿ ನನ್ನ ಕೈಗೆ ಕೊಟ್ಟರು.

ಗೀತಾಂಜಲಿ


ತಾರಿಹಾಳ
೨೨ ನವೆಂಬರ್ ೧೯೯೮

ಗೀತಾಂಜಲಿಗೆ,

ಮೊನ್ನೆ ನಿಮ್ಮ ಕಲ್ಯಾಣ ಮಂಟಪದಲ್ಲಿ ನಡೆದ ಸನ್ಮಾನಕ್ಕೆ ನೀನು ಬಂದಿದ್ದೆ. ಮುಂದಿನ ಸಾಲಿನಲ್ಲಿ ನಿಮ್ಮ ಅವ್ವನ ಪಕ್ಕ ಕೂತಿದ್ದೆ. ನನ್ನನ್ನು ನೋಡಿದೆ, ಆಮೇಲೆ ಆಮಂತ್ರಣ ಪತ್ರಿಕೆ ನೋಡಿದೆ. ಶಾಲು ಹೊದಿಸುವ ಹೊತ್ತಿಗೆ ಮಗನನ್ನು ಎತ್ತಿಕೊಂಡು ಹಿಂದಿನ ಬಾಗಿಲಿನಿಂದ ಹೋದೆ. ಕಾರು ಹೊರಟ ಸಪ್ಪಳ ಕೇಳಿತು. ಅಪ್ಪನ ಜೊತೆ ಮಾತಾಡಿದ್ದೆಯೋ, ಆಡಿ ಸೋತಿದ್ದೆಯೋ ನನಗೆ ಗೊತ್ತಿಲ್ಲ. ನೀನು ಹೋದ ಮೇಲೆ ಏನಾಯಿತು ಎಂಬುದನ್ನು ನಿನಗೆ ಬೇರೆ ಯಾರೂ ಸರಿಯಾಗಿ ಹೇಳಲಾರರು, ಅದಕ್ಕೆ ಬರೆಯುತ್ತೇನೆ. ನಿಮ್ಮ ಅತ್ತೆಯವರೂ ಓದಲಿ.

ಭಾಷಣ ಮಾಡಿದವರು, “ನೂರೊಂದು ಮನೆಗೆ ದೀಪ ಹಚ್ಚಿದ ಪುಣ್ಯಾತ್ಮರು” ಎಂದರು. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಶೇವಂತೆವ್ವ ಎದ್ದು ನಿಂತಳು. ನಾನು ಹೇಳಿರಲಿಲ್ಲ. ನಾನು ಅವಳ ಸೆರಗು ಹಿಡಿದು ಕೂಡಿಸಲು ನೋಡಿದೆ, ಸುಳ್ಳು ಯಾಕೆ ಹೇಳಲಿ.

“ಸಾಹುಕಾರ್ರ, ನನ್ನ ಮನಿ ಯಾವುದರಿ?” ಎಂದಳು. “ಅಲ್ಲೆ ಗ್ವಾಡಿ ಮ್ಯಾಲ ಬೀರಲಿಂಗಣ್ಣನ ಮಗ್ಗಲಕ ಕುಂತೇನಿ. ಅಂವಗ ಹೇಣ್ತಿ ಅದಾಳ, ಇಲ್ಲೆ ಕುಂತಾಳ. ಅದು ಲಗ್ನ ಹೌದು ಅನ್ನರಿ, ಇಲ್ಲಾ ಅಲ್ಲ ಅನ್ನರಿ. ಯಾವುದರ ಒಂದು ಅನ್ನರಿ.”

ನಿಮ್ಮ ಅಪ್ಪ ಕೊರಳಲ್ಲಿದ್ದ ಹಾರವನ್ನು ಸರಿಮಾಡಿಕೊಂಡರು. ವೆಂಕಣ್ಣ ಓಡಿಬಂದು ಮೈಕು ಹಿಡಿದು, “ಊಟಕ್ಕ ಏಳ್ರಿ! ಎಲ್ಲಾರೂ ಊಟಕ್ಕ ಏಳ್ರಿ! ಬಿಸಿ ಹುಗ್ಗಿ ಆರ್ತದ!” ಎಂದು ಕೂಗಿದರು. ಜನ ನಕ್ಕರು, ಎದ್ದರು. ನಾನು ಅಂದುಕೊಂಡೆ, ಮುಗಿಯಿತು, ಹುಗ್ಗಿ ಗೆದ್ದಿತು.

ದೈವದ ಹಿರಿಯರನ್ನು ಮೊದಲ ಪಂಕ್ತಿಯಲ್ಲಿ ಕೂಡಿಸಿದ್ದರು. ಅವರಲ್ಲಿ ಹೊಳೆಯಪ್ಪ ಎಂದು ಒಬ್ಬರು, ಶೇವಂತೆವ್ವನ ಊರಿನವರು. ನಿಮ್ಮ ಮನೆಯ ಪದ್ಧತಿ ನಿನಗೆ ಗೊತ್ತಿದೆ, ಮನೆಯ ಯಜಮಾನ ತಾನೇ ತುಪ್ಪ ಬಡಿಸದೆ ಯಾರೂ ತುತ್ತು ಎತ್ತುವುದಿಲ್ಲ. ನಿಮ್ಮ ಅಪ್ಪ ತುಪ್ಪದ ಗಿಂಡಿ ಹಿಡಿದು ಬಂದರು. ಹೊಳೆಯಪ್ಪ ಎಲೆಯ ಮೇಲೆ ಕೈ ಅಡ್ಡ ಹಿಡಿದರು.

“ತುಪ್ಪಾ ಆಮ್ಯಾಲ. ಮೊದಲ ಮಾತು ನೀಡ್ರಿ. ಹುಡುಗಿ ಕೇಳಿತಲ್ಲ.”

“ಅನ್ನದ ಮುಂದ ಆ ಮಾತು ಬ್ಯಾಡ ಹೊಳೆಯಪ್ಪಾ. ಉಣ್ಣು.”

“ಹೌದು ಅನ್ನಾಕ ಇಷ್ಟೊತ್ತು ಬೇಕಾಗಿಲ್ಲ. ಅಲ್ಲ ಅನ್ನಾಕೂ ಬೇಕಾಗಿಲ್ಲ.”

ನಿಮ್ಮ ಅಪ್ಪ ಗಿಂಡಿ ಹಿಡಿದು ನಿಂತೇ ಇದ್ದರು. ಆಗಲೂ ಹೇಳಬಹುದಿತ್ತು. ಆ ಜಾಗದಲ್ಲಿ, ಆ ಹೊತ್ತಿನಲ್ಲಿ ಹೇಳಿದ್ದರೆ ಜನ ಅವರನ್ನು ಹೆಗಲ ಮೇಲೆ ಹೊರುತ್ತಿದ್ದರು. ಅವರು ಹೊಳೆಯಪ್ಪನನ್ನು ಬಿಟ್ಟು ಮುಂದಿನ ಎಲೆಗೆ ತುಪ್ಪ ಹಾಕಿದರು.

ಹೊಳೆಯಪ್ಪ ಎಲೆ ಮಡಚಿದರು. “ಕೂಡಿಸಿದಾಂವ ಕೂಡಿಸೇನಿ ಅಂತ ಒಪ್ಪವಲ್ಲ. ಕೂಡಿಸಿದಾಂವನ ಇಲ್ಲಂದ ಮ್ಯಾಲ ಕುಂತದ್ದೆಲ್ಲಿ? ಅದು ಲಗ್ನ ಅಲ್ಲ. ದೈವದ ಮಾತು ಇದು,” ಎಂದು ಎದ್ದರು. ಅವರ ಪಕ್ಕದವರು ಎದ್ದರು. ಆಚೆಯ ಸಾಲಿನಲ್ಲಿ ಒಬ್ಬೊಬ್ಬರೇ ಎದ್ದರು. ಬೀರಲಿಂಗ ಹುಗ್ಗಿಯ ಬಕೀಟು ಹಿಡಿದು ಬಡಿಸುತ್ತಿದ್ದ. ಆರು ತಿಂಗಳು ಬಾಯಿ ಬಿಡದವನು, ಅಂದೂ ಬಿಡಲಿಲ್ಲ. ಬಕೀಟನ್ನು ವೆಂಕಣ್ಣನ ಕಾಲ ಹತ್ತಿರ ಇಟ್ಟು ಹೊರಗೆ ಬಂದ.

ಅಂಗಳದಲ್ಲಿ ಬೇವಿನ ಮರದ ಕೆಳಗೆ, ಎದ್ದು ಬಂದವರೆಲ್ಲರ ಮುಂದೆ, ಶೇವಂತೆವ್ವ ಕೊರಳು ಬಾಗಿಸಿ ನಿಂತಳು. ಯಾರು ತೆಗೆಯಬೇಕು ಎಂದು ಯಾರಿಗೂ ತೋಚಲಿಲ್ಲ. ಇಂಥದಕ್ಕೆ ಪದ್ಧತಿ ಇಲ್ಲ. ನಾನು ಹೋದೆ. ಗಂಟು ಬಿಗಿಯಾಗಿತ್ತು, ಬೆವರಿಗೆ ದಾರ ಅಂಟಿತ್ತು. ನನ್ನ ಗಂಡ ಕಟ್ಟಿದ್ದನ್ನು ನಾನು ಉಗುರಿನಿಂದ ಬಿಚ್ಚಿದೆ. ಹೊಳೆಯಪ್ಪನವರ ಜೊತೆ ಊರಿನಿಂದ ಬಂದಿದ್ದ ಅವಳ ತಾಯಿ ಅಳುತ್ತಿದ್ದಳು. ಅವಳು ಅಳಲಿಲ್ಲ, ಕುತ್ತಿಗೆ ತಿಕ್ಕಿಕೊಂಡಳು.

ಬೀರಲಿಂಗನಿಗೆ ಮರುದಿನವೇ ಗೇಟಿನಲ್ಲಿ ಬರಬೇಡ ಎಂದರು. ಇರಲಿ. ಶೇವಂತೆವ್ವ ತಾಯಿಯ ಜೊತೆ ಊರಿಗೆ ಹೋಗಿದ್ದಾಳೆ. ಗಂಡು ಸಿಗುತ್ತಾನೋ ಇಲ್ಲವೋ, ಕೇಳುವವರಿಗೆ ಹೇಳಲು ಈಗ ಒಂದು ಉತ್ತರ ಇದೆ.

ಎಲ್ಲರೂ ಎದ್ದರು ಎಂದು ತಿಳಿಯಬೇಡ. ಅರ್ಧ ಜನ ಎದ್ದರು. ಅರ್ಧ ಜನ ಕೂತು ಉಂಡರು, ಎರಡನೇ ಸಲ ಹುಗ್ಗಿ ಹಾಕಿಸಿಕೊಂಡರು. ನಮ್ಮ ಓಣಿಯವರೂ ಇದ್ದರು, ಅವರ ಹೆಸರು ನಾನು ಬರೆಯುವುದಿಲ್ಲ.

ನೀನು ಎಲೆ ಹಾಕುವ ಮೊದಲೇ ಹೋಗಿಬಿಟ್ಟೆ. ಇದ್ದಿದ್ದರೆ ಉಣ್ಣುತ್ತಿದ್ದೆಯೋ, ಏಳುತ್ತಿದ್ದೆಯೋ? ಅದನ್ನು ಬರೆ. ಹಬ್ಬಕ್ಕೆ ಸೀರೆ ಕಳಿಸಬೇಡ, ಬೇರೆ ಏನೂ ಬರೆಯಬೇಡ. ಅದೊಂದನ್ನು ಬರೆ.

ಸಾವಕ್ಕ